ವಿಮಾನ ಪೈಲಟ್‌ಗಳ ಉದ್ಯೋಗ ಕಡಿತ ಮತ್ತು ವೇತನ ಕಡಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದ ವಿಮಾನಯಾನ ಸಂಸ್ಥೆಗಳಲ್ಲಿ ದುಡಿಯುತ್ತಿರುವ ಅಥವಾ ದುಡಿದು ಹೊರಬಿದ್ದಿರುವ ಪೈಲಟ್‌ಗಳು ಮತ್ತು ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕಾನೂನಿನ ಸಾಮಾನ್ಯ ಚೌಕಟ್ಟನ್ನಷ್ಟೇ ಇಲ್ಲಿ ಹೇಳಬಹುದು. ನಿಮ್ಮ ನೇಮಕಾತಿ ಒಪ್ಪಂದದಲ್ಲಿ ಏನಿದೆ ಎಂಬುದನ್ನು ಓದಿ ಹೇಳಲು ವಕೀಲರೇ ಬೇಕು.

ಸಂಕಷ್ಟ ಬಂದೊಡನೆ ಸಂಸ್ಥೆಗಳು ಪೈಲಟ್‌ಗಳ ಸಂಬಳಕ್ಕೇ ಏಕೆ ಕೈ ಹಾಕುತ್ತವೆ?

ಉಳಿದ ಖರ್ಚುಗಳು ಬಗ್ಗುವುದಿಲ್ಲವಾದ್ದರಿಂದ. ಇಂಧನದ ಬೆಲೆಯನ್ನು ತೈಲ ಕಂಪನಿಗಳೂ ತೆರಿಗೆಗಳೂ ನಿರ್ಧರಿಸುತ್ತವೆ, ಗುತ್ತಿಗೆಗೆ ತಂದ ವಿಮಾನಗಳ ಬಾಡಿಗೆಯನ್ನು ಡಾಲರಿನಲ್ಲಿ ಕಟ್ಟಬೇಕು, ವಿಮಾನ ನಿಲ್ದಾಣದ ಶುಲ್ಕಗಳಲ್ಲಿ ಚೌಕಾಸಿಗೆ ಜಾಗವಿಲ್ಲ. ಬಾಡಿಗೆ ತಪ್ಪಿದರೆ ಮಾಲೀಕ ವಿಮಾನವನ್ನೇ ವಾಪಸ್ ಒಯ್ಯುತ್ತಾನೆ. ಸಂಬಳ ತಪ್ಪಿದರೆ ಪೈಲಟ್ ಒಂದೆರಡು ತಿಂಗಳಾದರೂ ಕಾಯುತ್ತಾನೆ. ಈ ವ್ಯತ್ಯಾಸ ಹಣಕಾಸು ವಿಭಾಗದ ಎಲ್ಲರಿಗೂ ಗೊತ್ತು. ಸಿಬ್ಬಂದಿಯಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವರು ಪೈಲಟ್‌ಗಳಾದ್ದರಿಂದ ಅವರ ವೇತನದಲ್ಲಿ ಸ್ವಲ್ಪ ಕಡಿತ ಮಾಡಿದರೂ ಲೆಕ್ಕಪತ್ರದಲ್ಲಿ ಎದ್ದು ಕಾಣುತ್ತದೆ, ಮತ್ತು ‘ಲಕ್ಷಗಟ್ಟಲೆ ಸಂಬಳ ಪಡೆಯುವವರು’ ಎಂಬ ಮಾತು ಚಾಲ್ತಿಯಲ್ಲಿರುವುದರಿಂದ ಸಾರ್ವಜನಿಕರ ಸಹಾನುಭೂತಿಯೂ ಅಷ್ಟಾಗಿ ಅವರ ಕಡೆ ಇರುವುದಿಲ್ಲ.

ವೇತನ ಕಡಿತ ಎಂದರೆ ಸಂಬಳದಲ್ಲಿ ಶೇಕಡಾ ಇಷ್ಟು ಕಡಿಮೆ ಎಂದು ತಾನೇ?

ಹಾಗೆ ನೇರವಾಗಿ ಬರುವುದು ಕಡಿಮೆ. ಪೈಲಟ್‌ನ ಸಂಬಳ ಚೀಟಿಯನ್ನು ಹತ್ತಿರದಿಂದ ನೋಡಿದರೆ ಮಾತ್ರ ಇದು ಅರ್ಥವಾಗುತ್ತದೆ. ಮೂಲವೇತನ ಅದರಲ್ಲಿ ಒಂದು ಸಾಲು ಮಾತ್ರ. ಹಾರಾಟದ ಗಂಟೆಗಳ ಲೆಕ್ಕದಲ್ಲಿ ಬರುವ ಭತ್ಯೆ, ಹೊರಊರಿನಲ್ಲಿ ತಂಗಿದ್ದಕ್ಕೆ ಬರುವ ಭತ್ಯೆ, ತರಬೇತುದಾರರಾಗಿದ್ದರೆ ಅದಕ್ಕೊಂದು ಭತ್ಯೆ, ದೊಡ್ಡ ವಿಮಾನ ನಡೆಸುವವರಿಗೆ ಮತ್ತೊಂದು, ಹೀಗೆ ಆದಾಯದ ಬಹುಪಾಲು ಭತ್ಯೆಗಳ ರೂಪದಲ್ಲಿಯೇ ಇರುತ್ತದೆ. 2020ರ ಜುಲೈನಲ್ಲಿ ಆಗಿನ್ನೂ ಸರ್ಕಾರದ ಕೈಯಲ್ಲಿದ್ದ ಏರ್ ಇಂಡಿಯಾ ಹೊರಡಿಸಿದ ಆದೇಶದಲ್ಲಿ ಮೂಲವೇತನ, ತುಟ್ಟಿಭತ್ಯೆ ಮತ್ತು ಮನೆಬಾಡಿಗೆ ಭತ್ಯೆಗಳನ್ನು ಮುಟ್ಟಿರಲಿಲ್ಲ. ಇತರ ಭತ್ಯೆಗಳನ್ನು ಕತ್ತರಿಸಲಾಗಿತ್ತು, ಪೈಲಟ್‌ಗಳ ವಿಷಯದಲ್ಲಿ ಆ ಕತ್ತರಿ ಶೇ 40ರವರೆಗೆ ಹೋಗಿತ್ತು. ಓದುವವರಿಗೆ ಮೂಲವೇತನ ಉಳಿದಂತೆ ಕಂಡಿತು. ಮನೆಗೆ ಬಂದ ಹಣವೇ ಬೇರೆ ಕಥೆ ಹೇಳಿತು.

ಎರಡನೆಯ ರೂಪ ಖಾತರಿ ಗಂಟೆಗಳ ಇಳಿಕೆ. 2024ರ ಏಪ್ರಿಲ್ ಹೊತ್ತಿಗೆ ವಿಸ್ತಾರಾದ ವಿಮಾನಗಳು ಸಾಲುಸಾಲಾಗಿ ರದ್ದಾಗಿದ್ದು ಹಲವರಿಗೆ ನೆನಪಿರಬಹುದು. ಏರ್ ಇಂಡಿಯಾದೊಂದಿಗೆ ವಿಲೀನವಾಗುವ ಮುನ್ನ ತಂದ ಹೊಸ ವೇತನ ರಚನೆಯಲ್ಲಿ, ಮೊದಲು 70 ಗಂಟೆಗಳಿಗೆ ಖಚಿತವಾಗಿ ಸಿಗುತ್ತಿದ್ದ ನಿಶ್ಚಿತ ವೇತನ 40 ಗಂಟೆಗಳಿಗೆ ಇಳಿದಿತ್ತು. ಗಂಟೆಗೆ 5,000 ರೂಪಾಯಿ ದರ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಹಳೆಯ ಲೆಕ್ಕದಲ್ಲಿ ಪೈಲಟ್ 55 ಗಂಟೆ ಮಾತ್ರ ಹಾರಿದರೂ 3.5 ಲಕ್ಷ ಕೈಗೆ ಬರುತ್ತದೆ. ಹೊಸ ಲೆಕ್ಕದಲ್ಲಿ ಅದೇ 55 ಗಂಟೆಗೆ 2.75 ಲಕ್ಷ ಬರುತ್ತದೆ, ಕಾಯಿಲೆ ಬಿದ್ದು ಹಾರಲಾಗದ ತಿಂಗಳಿನಲ್ಲಿ 2 ಲಕ್ಷಕ್ಕೆ ಇಳಿಯುತ್ತದೆ. ಗಂಟೆಯ ದರದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ ಎಂದು ಆಡಳಿತ ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ವಿಮಾನ ಎಷ್ಟು ಹಾರಬೇಕೆಂಬುದನ್ನು ನಿರ್ಧರಿಸುವವನು ಪೈಲಟ್ ಅಲ್ಲವಾದ್ದರಿಂದ, ವ್ಯಾಪಾರದ ಏರಿಳಿತದ ಹೊರೆ ಸಂಸ್ಥೆಯಿಂದ ಪೈಲಟ್‌ನ ಮೇಲೆ ಜಾರಿರುತ್ತದೆ.

ವೇತನರಹಿತ ರಜೆ ಮೂರನೆಯದು. 2022ರ ಸೆಪ್ಟೆಂಬರ್‌ನಲ್ಲಿ ಸ್ಪೈಸ್‌ಜೆಟ್ ಸುಮಾರು 80 ಪೈಲಟ್‌ಗಳನ್ನು ಮೂರು ತಿಂಗಳ ಕಾಲ ಸಂಬಳವಿಲ್ಲದ ರಜೆಯ ಮೇಲೆ ಕಳುಹಿಸಿತು. ಕೆಲಸದಿಂದ ತೆಗೆದಿಲ್ಲ ಎಂಬ ಕಾರಣಕ್ಕೆ ಪರಿಹಾರವೂ ಇಲ್ಲ, ಬೇರೆಡೆ ಸೇರಲು ಬಿಡುಗಡೆಯೂ ಸಲೀಸಲ್ಲ. ನನ್ನ ಅಭಿಪ್ರಾಯದಲ್ಲಿ ಇದು ನೇರ ಕಡಿತಕ್ಕಿಂತ ಕಠಿಣವಾದದ್ದು.

ಕೋವಿಡ್ ಕಾಲದಲ್ಲಿ ನಿಜವಾಗಿ ಎಷ್ಟು ಕಡಿತವಾಯಿತು?

2020ರ ಮಾರ್ಚ್ 25ರಿಂದ ಮೇ 25ರವರೆಗೆ ದೇಶೀಯ ಪ್ರಯಾಣಿಕ ವಿಮಾನಗಳು ಪೂರ್ತಿ ನಿಂತಿದ್ದವು. ಇಂಡಿಗೋ ಮಾರ್ಚಿನಲ್ಲಿ ಪೈಲಟ್‌ಗಳೂ ಸೇರಿದ ವರ್ಗಕ್ಕೆ ಶೇ 15ರ ಕಡಿತ ಪ್ರಕಟಿಸಿ, ಏಪ್ರಿಲ್ ಮಟ್ಟಿಗೆ ಅದನ್ನು ಹಿಂತೆಗೆದುಕೊಂಡು, ಮೇ ತಿಂಗಳಿನಿಂದ ಜಾರಿ ಮಾಡಿತು. ಜುಲೈ 20ರಂದು ಒಟ್ಟು ಸಿಬ್ಬಂದಿಯಲ್ಲಿ ಶೇ 10ರಷ್ಟು ಜನರನ್ನು ತೆಗೆಯುವುದಾಗಿ ಹೇಳಿತು. ಅದಾದ ಒಂದು ವಾರದಲ್ಲೇ ಪೈಲಟ್‌ಗಳ ವೇತನ ಕಡಿತ ಶೇ 28ಕ್ಕೆ ಏರಿತು. ಮುಖ್ಯ ಕಾರ್ಯನಿರ್ವಾಹಕರ ಕಡಿತ ಶೇ 35 ಇತ್ತು ಎಂಬುದನ್ನೂ ಹೇಳಬೇಕು, ಏಕೆಂದರೆ ಮೇಲಿನವರು ಹೆಚ್ಚು ಬಿಟ್ಟುಕೊಟ್ಟಾಗ ಕೆಳಗಿನವರಿಗೆ ಒಪ್ಪಿಸುವುದು ಸುಲಭ. ಏರ್ ಇಂಡಿಯಾ ಆ ಹೊತ್ತಿಗೆ ಆರು ತಿಂಗಳಿನಿಂದ ಐದು ವರ್ಷಗಳವರೆಗಿನ ವೇತನರಹಿತ ರಜೆಯ ಯೋಜನೆಯನ್ನೂ ತಂದಿತ್ತು.

ನನ್ನ ಒಪ್ಪಿಗೆಯಿಲ್ಲದೆ ಸಂಬಳ ಕಡಿಮೆ ಮಾಡಲು ಸಂಸ್ಥೆಗೆ ಅಧಿಕಾರವಿದೆಯೇ?

ಸಂಬಳ ಒಪ್ಪಂದದ ವಿಷಯ. ಒಪ್ಪಂದವನ್ನು ಒಬ್ಬರೇ ಬದಲಿಸುವಂತಿಲ್ಲ ಎಂಬುದು ಮೂಲ ನಿಯಮ. ಆದರೆ ಬಹುತೇಕ ನೇಮಕಾತಿ ಪತ್ರಗಳಲ್ಲಿ ‘ಕಾಲಕಾಲಕ್ಕೆ ಪರಿಷ್ಕರಿಸುವ ಹಕ್ಕು ಸಂಸ್ಥೆಗಿದೆ’ ಎಂಬ ಒಂದು ಸಾಲು ಇದ್ದೇ ಇರುತ್ತದೆ, ಅದು ಸೇರುವ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರ್ಮಿಕ ಕಾನೂನಿನ ಅಡಿಯಲ್ಲಿ ಬರುವವರಿಗೆ ಇನ್ನೊಂದು ರಕ್ಷಣೆಯಿದೆ: ವೇತನ, ಭತ್ಯೆ, ಕೆಲಸದ ಅವಧಿ ಮುಂತಾದ ಸೇವಾ ಷರತ್ತುಗಳನ್ನು ಬದಲಿಸುವ ಮುನ್ನ 21 ದಿನಗಳ ನೋಟಿಸ್ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಸೆಕ್ಷನ್‌ನಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಮುಂದುವರಿದಿದೆ. ಕಡಿತದ ಇ-ಮೇಲ್ ಬಂದಾಗ ಸುಮ್ಮನಿದ್ದು ತಿಂಗಳುಗಟ್ಟಲೆ ಕಡಿಮೆ ಸಂಬಳ ತೆಗೆದುಕೊಂಡರೆ, ಮುಂದೆ ಅದನ್ನೇ ಸಮ್ಮತಿ ಎಂದು ವಾದಿಸಲು ಎದುರು ಪಕ್ಷಕ್ಕೆ ಅವಕಾಶವಾಗುತ್ತದೆ. ಎರಡು ಸಾಲಿನ ಲಿಖಿತ ಆಕ್ಷೇಪಣೆಯನ್ನಾದರೂ ಕಳುಹಿಸಿ, ಅದರ ಪ್ರತಿ ಇಟ್ಟುಕೊಳ್ಳಿ.

ಪೈಲಟ್ ಕಾನೂನಿನ ಕಣ್ಣಿನಲ್ಲಿ ಕಾರ್ಮಿಕನೇ? ಇಷ್ಟು ಸಂಬಳ ಪಡೆಯುವವನು ಹೇಗೆ ಕಾರ್ಮಿಕನಾಗುತ್ತಾನೆ?

ಈ ಪ್ರಶ್ನೆ ಹಾಸ್ಯದಂತೆ ಕೇಳಿಸಿದರೂ ಉಳಿದ ಅರ್ಧ ಪ್ರಶ್ನೆಗಳ ಉತ್ತರ ಇದರ ಮೇಲೆ ನಿಂತಿದೆ. ಕಾನೂನು ಮೊದಲು ನೋಡುವುದು ಕೆಲಸದ ಸ್ವರೂಪವನ್ನು. ಕೌಶಲದ ಅಥವಾ ತಾಂತ್ರಿಕ ಕೆಲಸ ಮಾಡುವವನು ಎಷ್ಟೇ ಸಂಬಳ ಪಡೆದರೂ ಕಾರ್ಮಿಕನೇ. ಆಡಳಿತಾತ್ಮಕ ಅಥವಾ ವ್ಯವಸ್ಥಾಪಕ ಹುದ್ದೆಯವರು ಅಲ್ಲ. ಮೇಲ್ವಿಚಾರಣೆಯ ಕೆಲಸದವರಿಗೆ ಮಾತ್ರ ವೇತನದ ಮಿತಿ ಅನ್ವಯಿಸುತ್ತದೆ, ಅದು ಹೊಸ ಸಂಹಿತೆಯಲ್ಲಿ ತಿಂಗಳಿಗೆ 18,000 ರೂಪಾಯಿ. ಕ್ಯಾಪ್ಟನ್ ವಿಮಾನದಲ್ಲಿ ಇತರ ಸಿಬ್ಬಂದಿಗೆ ಆದೇಶ ಕೊಡುತ್ತಾನಲ್ಲ, ಆದ್ದರಿಂದ ಅವನು ಮೇಲ್ವಿಚಾರಕ ಎಂದು ಸಂಸ್ಥೆಗಳು ವಾದಿಸುತ್ತಾ ಬಂದಿವೆ. ಪೈಲಟ್‌ನ ಮುಖ್ಯ ಕೆಲಸ ವಿಮಾನ ಹಾರಿಸುವುದು, ಅದು ತಾಂತ್ರಿಕ ಕೆಲಸ, ಸುರಕ್ಷತೆಗಾಗಿ ಕೊಡುವ ಆದೇಶವು ಆಡಳಿತಾಧಿಕಾರವಲ್ಲ ಎಂಬ ನಿಲುವನ್ನು ದಿಲ್ಲಿ ಹೈಕೋರ್ಟ್ ತಾಳಿದೆ. ಆದರೂ ನಿಮ್ಮ ಹುದ್ದೆಯಲ್ಲಿ ರಜೆ ಮಂಜೂರು ಮಾಡುವುದು, ಶಿಸ್ತು ಕ್ರಮ ಕೈಗೊಳ್ಳುವುದು, ನೇಮಕಾತಿ ಮಾಡುವುದು ಸೇರಿದ್ದರೆ ಲೆಕ್ಕ ಬದಲಾಗಬಹುದು. ಕಚೇರಿಯ ಹುದ್ದೆ ಒಪ್ಪಿಕೊಂಡ ಹಿರಿಯ ಕ್ಯಾಪ್ಟನ್‌ಗಳು ಇದನ್ನು ಗಮನಿಸಬೇಕು.

ಕೆಲಸದಿಂದ ತೆಗೆಯುವಾಗ ಸಂಸ್ಥೆ ಏನು ಕೊಡಬೇಕು? ಸರ್ಕಾರದ ಅನುಮತಿ ಬೇಕೇ?

ಅನುಮತಿ ಬೇಡ. ಉದ್ಯೋಗ ಕಡಿತಕ್ಕೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ ಕಾರ್ಖಾನೆ, ಗಣಿ ಮತ್ತು ತೋಟಗಳಿಗಷ್ಟೇ ಸೀಮಿತ. ಒಂದು ವರ್ಷ ಸತತ ಸೇವೆ ಸಲ್ಲಿಸಿದ ಕಾರ್ಮಿಕನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಮತ್ತು ಪೂರ್ಣಗೊಳಿಸಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನ ಪರಿಹಾರವಾಗಿ ಸಿಗಬೇಕು. ಹೊಸ ಸಂಹಿತೆಯಲ್ಲಿ ಇನ್ನೂ 15 ದಿನಗಳ ವೇತನಕ್ಕೆ ಸಮನಾದ ಮೊತ್ತ ಮರುಕೌಶಲ ನಿಧಿಯ (ಕೆಲಸ ಕಳೆದುಕೊಂಡವರು ಹೊಸ ಕೌಶಲ ಕಲಿಯಲೆಂದು ಇರುವ ನಿಧಿ) ಮೂಲಕ 45 ದಿನಗಳೊಳಗೆ ಖಾತೆಗೆ ಬರಬೇಕು. ಕೊನೆಗೆ ಸೇರಿದವರು ಮೊದಲು ಹೊರಗೆ ಎಂಬುದು ಸಾಮಾನ್ಯ ಕ್ರಮ. ಅದನ್ನು ಮೀರಿದರೆ ಕಾರಣವನ್ನು ದಾಖಲಿಸಬೇಕು. ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದ ಅಥವಾ ರಾಜೀನಾಮೆ ಕೊಟ್ಟ ನೌಕರನ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು.

ನಾನು ಬಿಡುವುದಾದರೆ ಒಂದು ವರ್ಷ ಮೊದಲೇ ಹೇಳಬೇಕು. ಅವರು ಸಂಬಳ ಕಡಿತ ಮಾಡುವಾಗ ಏನೂ ಇಲ್ಲವೇ?

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2017ರ ಆಗಸ್ಟಿನಲ್ಲಿ ಪರಿಷ್ಕರಿಸಿದ ನಿಯಮದಂತೆ ಕ್ಯಾಪ್ಟನ್‌ಗೆ ಒಂದು ವರ್ಷ, ಸಹ ಪೈಲಟ್‌ಗೆ ಆರು ತಿಂಗಳ ನೋಟಿಸ್ ಅವಧಿಯಿದೆ. ಇದು ಪ್ರಯಾಣಿಕರ ಹಿತಕ್ಕಾಗಿ ಎಂಬುದು ಕೊಟ್ಟಿರುವ ಕಾರಣ. ಒಟ್ಟಿಗೆ ಹತ್ತಾರು ಪೈಲಟ್‌ಗಳು ಬಿಟ್ಟರೆ ವಿಮಾನಗಳು ರದ್ದಾಗುತ್ತವೆ ಎಂಬುದು ನಿಜವೂ ಹೌದು. 2023ರಲ್ಲಿ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೊರಟರೆಂದು ಆಕಾಸ ಏರ್ ನ್ಯಾಯಾಲಯದ ಮೆಟ್ಟಿಲೇರಿತ್ತು.

ಆದರೆ ಅದೇ ನಿಯಮದಲ್ಲಿ, ಹೆಚ್ಚಿನವರು ಓದದೇ ಬಿಡುವ ಒಂದು ಅಂಶವಿದೆ. ನೋಟಿಸ್ ಅವಧಿಯಲ್ಲಿ ಸಂಸ್ಥೆಯು ಸಂಬಳ ಅಥವಾ ಸವಲತ್ತುಗಳನ್ನು ಕಡಿಮೆ ಮಾಡಿದರೆ, ಇಲ್ಲವೇ ಸೇವಾ ಷರತ್ತುಗಳನ್ನು ಪೈಲಟ್‌ಗೆ ಅನನುಕೂಲವಾಗುವಂತೆ ಬದಲಿಸಿದರೆ, ಅವಧಿ ಮುಗಿಯುವ ಮುನ್ನವೇ ಬಿಡುಗಡೆ ಕೋರುವ ಸ್ವಾತಂತ್ರ್ಯ ಪೈಲಟ್‌ಗಿದೆ. ಕೋರುವ ಸ್ವಾತಂತ್ರ್ಯವೇ ಹೊರತು ಮರುದಿನವೇ ಹೊರಟುಬಿಡುವ ಸ್ವಾತಂತ್ರ್ಯವಲ್ಲ ಎಂಬುದನ್ನು ಮರೆಯಬಾರದು. ರಾಜೀನಾಮೆ ಕೊಡದೆ ಒಳಗಿರುವಾಗ ಸಂಬಳ ಕಡಿತವಾದರೆ ಈ ಅಂಶ ಅನ್ವಯಿಸುವುದಿಲ್ಲ. ಮೊದಲು ನೋಟಿಸ್ ಕೊಟ್ಟಿರಬೇಕು. ಹೊರಹೋಗಲು ಒಂದು ವರ್ಷ ಕಾಯಬೇಕಾದವನ ಮುಂದೆ ಸಂಬಳ ಕಡಿತದ ಪತ್ರ ಇಟ್ಟರೆ ಅವನಿಗೆ ಚೌಕಾಸಿ ಮಾಡುವ ಬಲವೆಲ್ಲಿದೆ ಎಂದು ಪೈಲಟ್ ಸಂಘಟನೆಗಳು ಕೇಳುವುದರಲ್ಲಿ ತಪ್ಪಿಲ್ಲ.

ಬೇಸರದಲ್ಲಿ ರಾಜೀನಾಮೆ ಕೊಟ್ಟುಬಿಟ್ಟೆ. ಹಿಂತೆಗೆದುಕೊಳ್ಳಬಹುದೇ?

ರಾಜೀನಾಮೆ ಜಾರಿಗೆ ಬರುವ ದಿನಾಂಕಕ್ಕೆ ಮುನ್ನ ಹಿಂತೆಗೆದುಕೊಳ್ಳಬಹುದು. ಇದಕ್ಕೆ ನೇರ ಉದಾಹರಣೆ ಏರ್ ಇಂಡಿಯಾ ಪ್ರಕರಣ. ಸಂಬಳ ಸಕಾಲಕ್ಕೆ ಬಾರದ್ದರಿಂದ ರಾಜೀನಾಮೆ ಕೊಟ್ಟಿದ್ದ ಪೈಲಟ್‌ಗಳು ನೋಟಿಸ್ ಅವಧಿ ಮುಗಿಯುವ ಮುನ್ನವೇ ಅದನ್ನು ವಾಪಸ್ ಪಡೆದು ಹಾರಾಟ ಮುಂದುವರಿಸಿದ್ದರು. 2020ರ ಆಗಸ್ಟಿನಲ್ಲಿ, ಕೋವಿಡ್ ನಷ್ಟದ ನಡುವೆ, ಸಂಸ್ಥೆ ಹಠಾತ್ತನೆ ಹಳೆಯ ರಾಜೀನಾಮೆಗಳನ್ನು ಅಂಗೀಕರಿಸಿ ನಲವತ್ತಕ್ಕೂ ಹೆಚ್ಚು ಜನರನ್ನು ಹೊರಹಾಕಿತು. 2021ರ ಜೂನ್ 1ರಂದು ದಿಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿ, ಬಾಕಿ ವೇತನ ಸಹಿತ ಮರುನೇಮಕಕ್ಕೆ ಸೂಚಿಸಿತು. ಗಮನಿಸಬೇಕಾದದ್ದು ಇಷ್ಟೇ: ಹಿಂತೆಗೆತವೂ ಬರವಣಿಗೆಯಲ್ಲಿರಬೇಕು, ದಿನಾಂಕ ಸ್ಪಷ್ಟವಾಗಿರಬೇಕು. ರೋಸ್ಟರ್ (ಹಾರಾಟದ ಪಾಳಿ ಪಟ್ಟಿ) ಬರುತ್ತಿದೆ, ಹಾರುತ್ತಿದ್ದೇನೆ, ಆದ್ದರಿಂದ ಎಲ್ಲ ಸರಿಹೋಯಿತು ಎಂದುಕೊಂಡು ಸುಮ್ಮನಿರಬಾರದು.

ನಾವು ತ್ಯಾಗ ಮಾಡಿದರೆ ಸಂಸ್ಥೆ ಉಳಿಯುತ್ತದೆಯೇ?

ಉಳಿದ ಉದಾಹರಣೆಯೂ ಇದೆ, ಉಳಿಯದ ಉದಾಹರಣೆಗಳು ನಮ್ಮ ಕಣ್ಣ ಮುಂದೆಯೇ ಇವೆ. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿ ಹೊಂದಿ 2005ರ ಮೇ ತಿಂಗಳಿನಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್, ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ ಅನ್ನು ಒಳಗೆ ಸೇರಿಸಿಕೊಂಡು ಕೆಲವೇ ವರ್ಷಗಳಲ್ಲಿ ಸಾಲದಲ್ಲಿ ಮುಳುಗಿತು. 2012ರ ಉದ್ದಕ್ಕೂ ಸಂಬಳ ತಿಂಗಳುಗಟ್ಟಲೆ ಬಾಕಿ ಬಿದ್ದರೂ ಪೈಲಟ್‌ಗಳೂ ಎಂಜಿನಿಯರ್‌ಗಳೂ ಮತ್ತೆ ಮತ್ತೆ ಭರವಸೆ ನಂಬಿ ಕೆಲಸಕ್ಕೆ ಮರಳಿದರು. ಅಕ್ಟೋಬರ್‌ನಲ್ಲಿ ಹಾರಾಟ ನಿಂತು, ಪರವಾನಗಿ ಅಮಾನತಾಯಿತು. ಅಲ್ಲಿ ದುಡಿದ ಅನೇಕ ಕನ್ನಡಿಗರ ಮನೆಗಳಲ್ಲಿ ಆ ಬಾಕಿಯ ಮಾತು ಇಂದಿಗೂ ನಿಂತಿಲ್ಲ.

ಜೆಟ್ ಏರ್‌ವೇಸ್ 2018ರ ಆಗಸ್ಟಿನಲ್ಲಿ ಶೇ 25ರವರೆಗಿನ ಕಡಿತದ ಪ್ರಸ್ತಾವವನ್ನು ಮುಂದಿಟ್ಟಾಗ ಪೈಲಟ್‌ಗಳು ಒಪ್ಪಲಿಲ್ಲ. ಆ ಕಡಿತ ಕೈಬಿಟ್ಟಿತು, ಆದರೆ ಸಂಬಳ ಕಂತುಗಳಲ್ಲಿ ಬರತೊಡಗಿತು, ಬಳಿಕ ನಿಂತಿತು. 2019ರ ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಕೊನೆಯ ವಿಮಾನ ಬಂದಿತು. ಅಂದು ಒಪ್ಪಿದ್ದರೆ ಸಂಸ್ಥೆ ಉಳಿಯುತ್ತಿತ್ತು ಎನ್ನುವವರಿದ್ದಾರೆ. ಜೆಟ್‌ನ ಸಾಲದ ಗಾತ್ರ ನೋಡಿದವರಿಗೆ ಆ ಮಾತು ನಂಬುವಂಥದ್ದಲ್ಲ. ಸಂಬಳ ಕಡಿತ ತಾತ್ಕಾಲಿಕ ನಗದು ಕೊರತೆಯನ್ನು ದಾಟಿಸಬಲ್ಲದು. ವ್ಯಾಪಾರದ ಮೂಲದಲ್ಲೇ ತೂತಿದ್ದರೆ ಅದನ್ನು ಮುಚ್ಚಲಾರದು.

ಇದಕ್ಕೆ ಎದುರಾಗಿ 2020ರ ಬ್ರಿಟಿಷ್ ಏರ್‌ವೇಸ್ ಒಪ್ಪಂದವನ್ನು ಇಟ್ಟು ನೋಡಬಹುದು. ಪೈಲಟ್‌ಗಳ ಸಂಘಟನೆ ಬಾಲ್ಪಾದ ಸದಸ್ಯರು ಮತ ಹಾಕಿ ಒಪ್ಪಿದ ಆ ಒಪ್ಪಂದದಲ್ಲಿ ಕಡಿತ ಶೇ 20ರಿಂದ ಆರಂಭವಾಗಿ ಎರಡು ವರ್ಷಗಳಲ್ಲಿ ಶೇ 8ಕ್ಕೆ ಇಳಿಯುವಂತೆ ಬರೆದಿತ್ತು. ಬಲವಂತದ ಉದ್ಯೋಗ ಕಡಿತ 270ಕ್ಕೆ ನಿಂತಿತು, ಮತ್ತೆ ಕೆಲಸಕ್ಕೆ ಕರೆಯಲು ಸುಮಾರು 300 ಪೈಲಟ್‌ಗಳ ಒಂದು ಗುಂಪನ್ನು ಕಡಿಮೆ ಸಂಬಳದ ಮೇಲೆ ಉಳಿಸಿಕೊಳ್ಳಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್‌ನ ಕ್ಯಾಥೇ ಪೆಸಿಫಿಕ್ ಪೈಲಟ್‌ಗಳ ಮುಂದೆ ಶಾಶ್ವತವಾಗಿ ಕಡಿಮೆ ವೇತನದ ಹೊಸ ಒಪ್ಪಂದ ಇಟ್ಟು, ಸಹಿ ಹಾಕಿ ಇಲ್ಲವೇ ಕೆಲಸ ಬಿಡಿ ಎಂದಿತು. ಎರಡೂ ಕಡೆ ಸಂಬಳ ಕಡಿಮೆಯಾಯಿತು. ಒಂದು ಕಡೆ ಅದು ಹಿಂದಿರುಗುವ ದಾರಿ ಕಾಗದದಲ್ಲಿತ್ತು, ಇನ್ನೊಂದು ಕಡೆ ಇರಲಿಲ್ಲ.

ಹಾಗಾದರೆ ಸಹಿ ಹಾಕಬೇಕೇ, ಬೇಡವೇ?

ಮನೆಯ ಸಾಲ, ಮಕ್ಕಳ ಶಾಲೆ, ಬೇರೆ ಕಡೆ ಅವಕಾಶ ಇವುಗಳ ಲೆಕ್ಕ ನಿಮ್ಮದು. ಆದರೆ ಸಹಿ ಹಾಕುವ ಮುನ್ನ ಆ ಪತ್ರದಲ್ಲಿ ಕಾಣಬೇಕಾದ ಕೆಲವು ಸಂಗತಿಗಳಿವೆ. ಇದು ಕಡಿತವೋ ಮುಂದೂಡಿಕೆಯೋ ಎಂಬುದು ಮೊದಲನೆಯದು. ಮುಂದೂಡಿದ ಸಂಬಳ ನಿಮಗೆ ಬರಬೇಕಾದ ಸಾಲ, ಕಡಿತವಾದದ್ದು ಹೋದದ್ದೇ. ಕೊನೆಯ ದಿನಾಂಕ ಇದೆಯೇ, ಅಥವಾ ‘ಪರಿಸ್ಥಿತಿ ಸುಧಾರಿಸುವವರೆಗೆ’ ಎಂದಷ್ಟೇ ಇದೆಯೇ? ಪರಿಸ್ಥಿತಿ ಸುಧಾರಿಸಿತೆಂದು ತೀರ್ಮಾನಿಸುವವರು ಯಾರು? ಗ್ರಾಚ್ಯುಟಿ ಮತ್ತು ಉದ್ಯೋಗ ಕಡಿತದ ಪರಿಹಾರವನ್ನು ಹಳೆಯ ವೇತನದ ಮೇಲೆ ಲೆಕ್ಕ ಹಾಕುತ್ತಾರೋ ಹೊಸದರ ಮೇಲೋ? ಕಡಿತದ ಅವಧಿಯಲ್ಲಿ ಕೆಲಸದಿಂದ ತೆಗೆಯುವುದಿಲ್ಲ ಎಂಬ ಮಾತು ಎಲ್ಲಿಯಾದರೂ ಇದೆಯೇ? ವೇತನ ಬಿಟ್ಟುಕೊಟ್ಟವನನ್ನು ಮೂರು ತಿಂಗಳಿಗೇ ಮನೆಗೆ ಕಳುಹಿಸಿ, ಕಡಿಮೆಯಾದ ವೇತನದ ಆಧಾರದಲ್ಲಿ ಪರಿಹಾರ ಲೆಕ್ಕ ಹಾಕಿದರೆ ಅವನು ಎರಡು ಸಲ ಕಳೆದುಕೊಂಡಂತೆ.

ಒತ್ತಡ ಬಹುಪಾಲು ಬಾಯಿಮಾತಿನಲ್ಲಿಯೇ ಬರುತ್ತದೆ. ‘ಸಂಜೆಯೊಳಗೆ ಒಪ್ಪಿಗೆ ಕಳುಹಿಸಿ, ಪಟ್ಟಿ ಮೇಲೆ ಹೋಗಬೇಕು, ನಿಮ್ಮ ಬೇಸ್‌ನಲ್ಲಿ ಉಳಿದವರೆಲ್ಲ ಕಳುಹಿಸಿದ್ದಾರೆ’ ಎಂದು ಫೋನ್ ಬರುತ್ತದೆ. ಉಳಿದವರಿಗೂ ಅದೇ ಮಾತು ಹೇಳಿರುತ್ತಾರೆ. ಪತ್ರವನ್ನು ಇ-ಮೇಲ್‌ನಲ್ಲಿ ಕಳುಹಿಸಿ, ಓದಿ ಉತ್ತರಿಸುತ್ತೇನೆ ಎನ್ನುವುದು ಅವಿಧೇಯತೆಯಲ್ಲ.

ಸಂಬಳ ಬರುತ್ತಿಲ್ಲ, ಆದರೆ ಕೆಲಸ ಮಾಡುತ್ತಿದ್ದೇನೆ. ಬೇರೆ ಏನನ್ನು ಗಮನಿಸಬೇಕು?

ತೆರಿಗೆ ಮತ್ತು ಭವಿಷ್ಯ ನಿಧಿ. ಕಿಂಗ್‌ಫಿಷರ್ ಪ್ರಕರಣದಲ್ಲಿ ನೌಕರರ ಸಂಬಳದಿಂದ ಮೂಲದಲ್ಲೇ ಕಡಿತಗೊಳಿಸಿದ ತೆರಿಗೆ ಸರ್ಕಾರಕ್ಕೆ ಪಾವತಿಯಾಗಿರಲಿಲ್ಲ ಎಂಬುದು ದೊಡ್ಡ ವಿವಾದವಾಗಿತ್ತು. ಕಡಿತವಾದ ತೆರಿಗೆಯನ್ನು ಸಂಸ್ಥೆ ಕಟ್ಟದಿದ್ದರೆ ಅದನ್ನು ನೌಕರನಿಂದ ಮತ್ತೆ ವಸೂಲು ಮಾಡುವಂತಿಲ್ಲ ಎಂಬ ರಕ್ಷಣೆ ಕಾನೂನಿನಲ್ಲಿದೆಯಾದರೂ, ಕಡಿತವಾಗಿದೆ ಎಂದು ತೋರಿಸಲು ಸಂಬಳ ಚೀಟಿ ನಿಮ್ಮ ಬಳಿ ಇರಬೇಕು. ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಖಾತೆಯಲ್ಲಿ ತೆರಿಗೆ ಜಮೆಯ ವಿವರವನ್ನೂ, ಭವಿಷ್ಯ ನಿಧಿಯ ಪಾಸ್‌ಬುಕ್ಕನ್ನೂ ನೋಡುತ್ತಿರಿ. ಸಂಸ್ಥೆಯ ಆರೋಗ್ಯ ಕೆಟ್ಟಿದೆ ಎಂಬ ಸುಳಿವು ಪತ್ರಿಕೆಗಳಿಗಿಂತ ಮೊದಲು ಅಲ್ಲಿ ಕಾಣಿಸಿಕೊಳ್ಳುತ್ತದೆ.

ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಹೋದರೆ ನಮ್ಮ ಬಾಕಿ ಏನಾಗುತ್ತದೆ?

ದಿವಾಳಿ ಸಂಹಿತೆಯ ಅಡಿಯಲ್ಲಿ ಅರ್ಜಿ ಅಂಗೀಕಾರವಾದೊಡನೆ ಸಂಸ್ಥೆಯ ವಿರುದ್ಧದ ಮೊಕದ್ದಮೆಗಳಿಗೆ ತಡೆ ಬೀಳುತ್ತದೆ. ಬಾಕಿ ಇರುವವರು ನಿಗದಿತ ನಮೂನೆಯಲ್ಲಿ, ನಿಗದಿತ ದಿನದೊಳಗೆ ತಮ್ಮ ಹಕ್ಕನ್ನು ಸಲ್ಲಿಸಬೇಕು. ಕೊನೆಗೆ ಆಸ್ತಿ ಮಾರಿ ಹಂಚುವ ಹಂತ ಬಂದರೆ, ಪ್ರಕ್ರಿಯೆಯ ಖರ್ಚು ಕಳೆದ ಬಳಿಕ ಕಾರ್ಮಿಕರ 24 ತಿಂಗಳ ಬಾಕಿಯು ಭದ್ರತೆ ಪಡೆದು ಸಾಲ ಕೊಟ್ಟವರ ಸಾಲಿನಲ್ಲೇ ನಿಲ್ಲುತ್ತದೆ. ಕಾರ್ಮಿಕರಲ್ಲದ ನೌಕರರ 12 ತಿಂಗಳ ಬಾಕಿ ಅವರ ನಂತರ ಬರುತ್ತದೆ. ಪೈಲಟ್ ಕಾರ್ಮಿಕನೇ ಎಂಬ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ, ಈ ಬಾರಿ ಲಕ್ಷಗಳ ಲೆಕ್ಕದಲ್ಲಿ. ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿ ನಿಧಿಯ ಹಣ ಹಂಚಿಕೆಯ ರಾಶಿಗೆ ಸೇರುವುದೇ ಇಲ್ಲ.

ಜೆಟ್ ಪ್ರಕರಣದಲ್ಲಿ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು 2022ರ ಅಕ್ಟೋಬರಿನಲ್ಲಿ ಭವಿಷ್ಯ ನಿಧಿ, ಗ್ರಾಚ್ಯುಟಿ ಬಾಕಿಯನ್ನು ನೌಕರರಿಗೆ ಕೊಡಬೇಕೆಂದು ಆದೇಶಿಸಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಸಂಸ್ಥೆಯನ್ನು ಮತ್ತೆ ಹಾರಿಸುವ ಯೋಜನೆಯೇ ಕಾರ್ಯಗತವಾಗದೆ, 2024ರ ನವೆಂಬರ್ 7ರಂದು ಅದೇ ಸುಪ್ರೀಂ ಕೋರ್ಟ್ ಜೆಟ್ ಅನ್ನು ಮುಚ್ಚಿ ಆಸ್ತಿ ಹಂಚಲು ಆದೇಶಿಸಿತು. ಆಗ ಕೊನೆಯ ವಿಮಾನ ಇಳಿದು ಐದೂವರೆ ವರ್ಷಗಳಾಗಿದ್ದವು. 2023ರ ಮೇ ತಿಂಗಳಿನಲ್ಲಿ ತಾನಾಗಿಯೇ ದಿವಾಳಿ ಅರ್ಜಿ ಹಾಕಿದ ಗೋ ಫಸ್ಟ್, ಪೈಲಟ್‌ಗಳು ಚದುರದಂತೆ ಕ್ಯಾಪ್ಟನ್‌ಗಳಿಗೆ ತಿಂಗಳಿಗೆ ಒಂದು ಲಕ್ಷ, ಸಹ ಪೈಲಟ್‌ಗಳಿಗೆ 50,000 ರೂಪಾಯಿ ಹೆಚ್ಚುವರಿ ಕೊಡುವುದಾಗಿ ಹೇಳಿತ್ತು; 2025ರ ಜನವರಿಯಲ್ಲಿ ಅದನ್ನೂ ಮುಚ್ಚಲು ಆದೇಶವಾಯಿತು. ಬಾಕಿ ಸಂಬಳವನ್ನು ಬರುವ ಆದಾಯವೆಂದು ಮನೆಯ ಲೆಕ್ಕದಲ್ಲಿ ಬರೆದುಕೊಳ್ಳದಿರುವುದು ಕ್ಷೇಮ.

ಎಲ್ಲರೂ ಒಟ್ಟಾಗಿ ಸಿಕ್ ಲೀವ್ ಹಾಕಿದರೆ?

2009ರ ಸೆಪ್ಟೆಂಬರಿನಲ್ಲಿ, ಸಂಘ ಕಟ್ಟಿದ್ದಕ್ಕಾಗಿ ಸಹೋದ್ಯೋಗಿಗಳನ್ನು ವಜಾ ಮಾಡಿದಾಗ ಜೆಟ್‌ನ ನೂರಾರು ಪೈಲಟ್‌ಗಳು ಹೀಗೆಯೇ ಮಾಡಿದರು, ಐದು ದಿನಗಳಲ್ಲಿ ಸಂಸ್ಥೆ ಮಣಿಯಿತು. 2012ರ ಏರ್ ಇಂಡಿಯಾ ಮುಷ್ಕರ 58 ದಿನ ನಡೆದು, ನೂರಕ್ಕೂ ಹೆಚ್ಚು ಪೈಲಟ್‌ಗಳು ಕೆಲಸ ಕಳೆದುಕೊಂಡು, ನ್ಯಾಯಾಲಯದ ಮಧ್ಯಪ್ರವೇಶದ ಬಳಿಕ ನಿಂತಿತು. ಈಗಿನ ಸಂಹಿತೆಯಲ್ಲಿ 14 ದಿನಗಳ ನೋಟಿಸ್ ಇಲ್ಲದೆ ಮುಷ್ಕರ ಹೂಡುವಂತಿಲ್ಲ. ಶೇ 50 ಅಥವಾ ಹೆಚ್ಚಿನ ಕಾರ್ಮಿಕರು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದನ್ನು ಮುಷ್ಕರವೆಂದೇ ಎಣಿಸಲಾಗುತ್ತದೆ. ಆರೋಗ್ಯವಾಗಿದ್ದುಕೊಂಡು ಕಾಯಿಲೆ ಎಂದು ಬರೆಯುವ ಪೈಲಟ್‌ಗೆ ಇನ್ನೊಂದು ಅಪಾಯವಿದೆ: ಅವನ ಲೈಸೆನ್ಸ್ ವೈದ್ಯಕೀಯ ಅರ್ಹತೆಯ ಮೇಲೆ ನಿಂತಿದೆ, ಸುಳ್ಳು ಕಾಯಿಲೆಯ ದಾಖಲೆ ಅಲ್ಲಿ ಯಾವ ರೂಪದಲ್ಲಿ ತಿರುಗಿ ಬರುತ್ತದೋ ಹೇಳಲಾಗದು.

ಕೆಲಸ ಹೋದ ಮೇಲೆ ಲೈಸೆನ್ಸ್ ಎಷ್ಟು ದಿನ ಜೀವಂತವಾಗಿರುತ್ತದೆ?

ಲೈಸೆನ್ಸಿನ ಕಾಗದ ಉಳಿಯುತ್ತದೆ, ಹಾರುವ ಅರ್ಹತೆ ಬೇಗ ಸವೆಯುತ್ತದೆ. ಪ್ರಯಾಣಿಕರನ್ನು ಹೊತ್ತು ಹಾರಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು. ನೆಲದ ಮೇಲೆಯೇ ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಿ ಎಂಜಿನ್ ಕೆಟ್ಟ ಸ್ಥಿತಿ, ಮಂಜಿನಲ್ಲಿ ಇಳಿಯುವುದು ಮುಂತಾದ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ದಾಟಬೇಕು. ಪ್ರಥಮ ದರ್ಜೆಯ ವೈದ್ಯಕೀಯ ಪರೀಕ್ಷೆ ವರ್ಷಕ್ಕೊಮ್ಮೆ, 60 ದಾಟಿದವರಿಗೆ ಆರು ತಿಂಗಳಿಗೊಮ್ಮೆ. ಕೆಲಸದಲ್ಲಿದ್ದಾಗ ಇವೆಲ್ಲ ಸಂಸ್ಥೆಯ ಖರ್ಚಿನಲ್ಲಿ, ರೋಸ್ಟರಿನ ಭಾಗವಾಗಿ ನಡೆದುಹೋಗುತ್ತವೆ. ಹೊರಬಿದ್ದ ಮೇಲೆ ಸಿಮ್ಯುಲೇಟರ್ ಗಂಟೆಗಳನ್ನು ಸ್ವಂತ ಹಣದಲ್ಲಿ ಕೊಳ್ಳಬೇಕು. ಅದೂ ನೀವು ಹಾರಿಸುವ ಮಾದರಿಯ ವಿಮಾನದ್ದೇ ಆಗಿರಬೇಕು. ಏರ್‌ಬಸ್ 320 ಅಥವಾ ಬೋಯಿಂಗ್ 737 ಹಾರಿಸುವವರಿಗೆ ದೇಶದೊಳಗೇ ದಾರಿಗಳಿವೆ. ಅಪರೂಪದ ಮಾದರಿಯವರ ಕಷ್ಟವೇ ಬೇರೆ. ಎಲ್ಲವನ್ನೂ ಚಾಲ್ತಿಯಲ್ಲಿಡಲು ಹಣ ಸಾಲದಿದ್ದರೆ ವೈದ್ಯಕೀಯ ಪ್ರಮಾಣಪತ್ರವನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ಬೇರೆ ಸಂಸ್ಥೆಗೆ ಸೇರಿದರೆ ನನ್ನ ಹಿರಿತನ ಉಳಿಯುತ್ತದೆಯೇ?

ಇಲ್ಲ. ಅನುಭವದ ಗಂಟೆಗಳು ನಿಮ್ಮವು, ಹಿರಿತನದ ಪಟ್ಟಿ ಸಂಸ್ಥೆಯದು. 15 ವರ್ಷ ಕ್ಯಾಪ್ಟನ್ ಆಗಿದ್ದವರೂ ಹೊಸ ಕಡೆ ಪಟ್ಟಿಯ ತಳದಿಂದಲೇ ಆರಂಭಿಸಬೇಕಾಗಬಹುದು, ಮುಂದಿನ ಉದ್ಯೋಗ ಕಡಿತದಲ್ಲಿ ಮೊದಲು ಹೊರಗೆ ಹೋಗುವವರೂ ಅವರೇ. ಸಂಬಳ ಕಡಿತಕ್ಕೆ ಹಿರಿಯ ಪೈಲಟ್‌ಗಳೇ ಬೇಗ ಒಪ್ಪುವುದಕ್ಕೆ ಇದು ಮುಖ್ಯ ಕಾರಣ. ಕಿರಿಯರು ಅದನ್ನು ಹೇಡಿತನ ಎಂದು ಭಾವಿಸುವುದು ಸರಿಯಲ್ಲ.

ಲಾಸ್ ಆಫ್ ಲೈಸೆನ್ಸ್ ವಿಮೆ ನೆರವಿಗೆ ಬರುತ್ತದೆಯೇ?

ಬರುವುದಿಲ್ಲ. ವೈದ್ಯಕೀಯ ಕಾರಣಕ್ಕೆ ಹಾರಲಾಗದಿದ್ದರೆ ಮಾತ್ರ ಆ ವಿಮೆ. ಅದು ಸಂಸ್ಥೆಯ ಗುಂಪು ವಿಮೆಯಾಗಿದ್ದರೆ ಕೆಲಸದ ಜೊತೆಗೇ ಹೋಗುತ್ತದೆ.

ಮಗ ಸಾಲ ಮಾಡಿ ತರಬೇತಿ ಮುಗಿಸಿದ್ದಾನೆ. ಈಗ ಸೇರುವಾಗ ಬಾಂಡ್ ಕೇಳುತ್ತಿದ್ದಾರೆ. ಏನು ಮಾಡಬೇಕು?

ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಬೇಕಾದ 200 ಗಂಟೆಗಳ ಹಾರಾಟ, ಆಮೇಲೆ ನಿರ್ದಿಷ್ಟ ವಿಮಾನದ ತರಬೇತಿ, ಎರಡೂ ಸೇರಿ ಒಂದು ಮನೆಯ ಬೆಲೆಯಾಗುತ್ತದೆ. ಬೆಂಗಳೂರಿನ ಜಕ್ಕೂರಿನಂಥ ಸರ್ಕಾರಿ ಹಾರಾಟ ತರಬೇತಿ ಶಾಲೆಯಲ್ಲಿ ಕಲಿತವರೂ ಎರಡನೆಯ ಖರ್ಚಿನಿಂದ ತಪ್ಪಿಸಿಕೊಳ್ಳಲಾರರು. ತರಬೇತಿ ಕೊಟ್ಟ ಸಂಸ್ಥೆ ಕೆಲವು ವರ್ಷ ಉಳಿಯುವಂತೆ ಬಾಂಡ್ ಕೇಳುವುದು ಅಸಹಜವಲ್ಲ. ಅದರಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕು: ಸಂಸ್ಥೆಯೇ ಕೆಲಸದಿಂದ ತೆಗೆದರೆ ಬಾಂಡ್ ಬಿದ್ದುಹೋಗುತ್ತದೆಯೇ, ಸಂಬಳ ಕಡಿತವಾದರೆ ಅಥವಾ ಬಾಕಿ ಬಿದ್ದರೆ ಏನು, ವರ್ಷ ಕಳೆದಂತೆ ಮೊತ್ತ ಇಳಿಯುತ್ತದೆಯೇ. ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ ಕೊಡುವುದು ಬೇಡ. ಜಾಮೀನಿಗೆ ಮನೆ ಪತ್ರ ಇಟ್ಟಿದ್ದರೆ, ಮಗನ ಸಂಬಳವೇ ಕಂತಿಗೆ ಆಧಾರ ಎಂದುಕೊಳ್ಳದೆ ಕನಿಷ್ಠ ಒಂದು ವರ್ಷದ ಕಂತನ್ನು ಬೇರೆಯಾಗಿ ತೆಗೆದಿಡುವುದು ಒಳ್ಳೆಯದು.

ಸಂಬಳದ ಚಿಂತೆ ವಿಮಾನದ ಸುರಕ್ಷತೆಯ ಮೇಲೆ ಪರಿಣಾಮ ಬೀರುತ್ತದೆಯೇ?

ಸಂಬಳ ಕಡಿಮೆಯಾದ ಪೈಲಟ್ ಬೇಜವಾಬ್ದಾರಿಯಿಂದ ಹಾರಿಸುತ್ತಾನೆ ಎಂದು ಯಾರೂ ಹೇಳುವುದಿಲ್ಲ, ಹೇಳಬಾರದು. ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್, ಅದಾದ ಮುಂದಿನ ತಿಂಗಳು, 2009ರ ಫೆಬ್ರವರಿಯಲ್ಲಿ, ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ತಮ್ಮ ವೇತನ ಶೇ 40ರಷ್ಟು ಇಳಿದಿದೆಯೆಂದೂ, ಪಿಂಚಣಿ ಹೋಗಿದೆಯೆಂದೂ ಹೇಳಿದ್ದರು. ಅನುಭವಿಗಳು ಈ ವೃತ್ತಿಯನ್ನು ಬಿಡುತ್ತಾರೆ, ಪ್ರತಿಭಾವಂತರು ಬರುವುದಿಲ್ಲ ಎಂಬುದು ಅವರ ಆತಂಕವಾಗಿತ್ತು. ಹತ್ತಿರದ ಅಪಾಯ ಇನ್ನೊಂದು. ಸಂಬಳ ಗಂಟೆಗಳ ಮೇಲೆ ನಿಂತಷ್ಟೂ, ಆಯಾಸವಾಗಿದೆ ಎಂದು ಹೇಳಿ ಹಾರಾಟ ಬಿಡುವುದು ಪೈಲಟ್‌ಗೆ ದುಬಾರಿಯಾಗುತ್ತದೆ. ಖಾತರಿ ಗಂಟೆಗಳನ್ನು ಇಳಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂಬುದು ಪ್ರಯಾಣಿಕರೂ ಕೇಳಬೇಕಾದ ಪ್ರಶ್ನೆ.

ಒಂದು ವರ್ಷ ಪೈಲಟ್‌ಗಳು ಹೆಚ್ಚಾದರು ಎನ್ನುತ್ತಾರೆ, ಇನ್ನೊಂದು ವರ್ಷ ಸಾಲದು ಎನ್ನುತ್ತಾರೆ. ಯಾವುದು ನಿಜ?

ಎರಡೂ. 2020ರಲ್ಲಿ ಜನರನ್ನು ತೆಗೆದ ಇಂಡಿಗೋದಲ್ಲಿಯೇ 2025ರ ಡಿಸೆಂಬರಿನಲ್ಲಿ ಸಾವಿರಾರು ವಿಮಾನಗಳು ರದ್ದಾದವು. ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗಳಿಗೆ ಏರಿಸಿ, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿದ ಹೊಸ ನಿಯಮಗಳಿಗೆ ಬೇಕಾದಷ್ಟು ಪೈಲಟ್‌ಗಳನ್ನು ಅದು ಸಿದ್ಧಪಡಿಸಿಕೊಂಡಿರಲಿಲ್ಲ. ಸಹ ಪೈಲಟ್ ಕ್ಯಾಪ್ಟನ್ ಆಗಲು ವರ್ಷಗಳು ಬೇಕು. ತೆಗೆಯಲು ಒಂದು ತಿಂಗಳ ನೋಟಿಸ್ ಸಾಕು.

ಈಗಿನ್ನೂ ಎಲ್ಲ ಸರಿಯಿದೆ. ಮುಂಜಾಗ್ರತೆಯಾಗಿ ಏನನ್ನು ಮಾಡಿಟ್ಟುಕೊಳ್ಳಲಿ?

ನೇಮಕಾತಿ ಪತ್ರ, ಅದರ ಪ್ರತಿಯೊಂದು ತಿದ್ದುಪಡಿ, ಎಲ್ಲ ಸಂಬಳ ಚೀಟಿಗಳು, ರೋಸ್ಟರ್‌ಗಳು, ತರಬೇತಿ ಮತ್ತು ಪರೀಕ್ಷೆಯ ದಾಖಲೆಗಳು, ಬಾಂಡಿನ ಪ್ರತಿ, ಇವುಗಳನ್ನು ಸಂಸ್ಥೆಯ ಇ-ಮೇಲ್‌ನಲ್ಲಿ ಬಿಡದೆ ಸ್ವಂತ ಖಾತೆಗೆ ಇಳಿಸಿಕೊಳ್ಳಿ. ಡಿಜಿಸಿಎಯ ಇ-ಲಾಗ್‌ಬುಕ್‌ನಲ್ಲಿ ನಿಮ್ಮ ಹಾರಾಟದ ಗಂಟೆಗಳನ್ನು ಸಂಸ್ಥೆಯ ಅಧಿಕೃತ ವ್ಯಕ್ತಿ ಅನುಮೋದಿಸಬೇಕಾಗುತ್ತದೆ. ಅದನ್ನು ವರ್ಷಗಟ್ಟಲೆ ಬಾಕಿ ಉಳಿಸಿಕೊಳ್ಳದೆ ಆಗಿಂದಾಗ್ಗೆ ಮುಗಿಸಿಕೊಳ್ಳಿ. ಸಂಸ್ಥೆ ಮುಚ್ಚುವ ವಾರದಲ್ಲಿ ಮೊದಲು ಹೊರಹೋಗುವವರಲ್ಲಿ ಆ ಅನುಮೋದನೆ ಕೊಡುವ ಗುಮಾಸ್ತನೂ ಇರುತ್ತಾನೆ, ಲಾಗಿನ್ ಅದೇ ರಾತ್ರಿ ಕೆಲಸ ನಿಲ್ಲಿಸುತ್ತದೆ.